ಕರಾವಳಿಯಲ್ಲಿ ಮೈನಸ್ 80: ಹಳೆ ಫ್ರೀಜರ್ ದುರಸ್ತಿ, ಅದಕ್ಕೊಂದು ಸ್ವಯಂಚಾಲಿತ ಕಾವಲು

ಕಾರವಾರದಲ್ಲಿ ಕಡಲಿನಿಂದ ಕೂಗಳತೆ ದೂರದ ಒಂದು ಸಣ್ಣ ಲ್ಯಾಬಿನ −80 ಡಿಗ್ರಿ ಫ್ರೀಜರಿನ ಕೆಲಸದ ದಾಖಲೆ ಇದು. ಯಂತ್ರ ಹಳೆಯದು. ಬೀರುವಿನಂತೆ ನಿಲ್ಲುವ ಮಾದರಿ, ಸುಮಾರು 500 ಲೀಟರ್, ಹೊರಬಾಗಿಲ ಹಿಂದೆ ಐದು ಒಳಬಾಗಿಲು, ಎರಡು ಕಂಪ್ರೆಸರ್. ಒಳಗಿರುವುದು ಕಾಳಿ ಅಳಿವೆಯ ಮೀನಿನ ಅಂಗಾಂಶ, ಅಘನಾಶಿನಿಯ ಬಳಚು (ಚಿಪ್ಪುಜೀವಿ), ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳ ಕೊಳೆರೋಗ ತರುವ ಫೈಟೋಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ತೆಗೆದ ಡಿಎನ್‌ಎ. ಇವುಗಳಲ್ಲಿ ಹೆಚ್ಚಿನವು ಒಂದು ನಿರ್ದಿಷ್ಟ ಮಳೆಗಾಲದಲ್ಲಿ, ಒಂದು ನಿರ್ದಿಷ್ಟ ಜಾಗದಲ್ಲಿ ತೆಗೆದವು. ಕರಗಿದರೆ ಮತ್ತೆ ಸಂಗ್ರಹಿಸಲು ಆಗುವುದಿಲ್ಲ. (ಮಂಗನ ಕಾಯಿಲೆಯ ಶಂಕಿತ ಮಾದರಿಗಳಿಗೆ ಇಂಥ ಸಾಮಾನ್ಯ ಲ್ಯಾಬಿನ ಫ್ರೀಜರ್ ಜಾಗವಲ್ಲ. ಅವಕ್ಕೆ ಉನ್ನತ ಮಟ್ಟದ ಜೈವಿಕ ಸುರಕ್ಷತೆಯ ಲ್ಯಾಬ್ ಬೇಕು. ಜಿಲ್ಲೆಯಲ್ಲಿ ಈ ಪ್ರಶ್ನೆ ಪದೇಪದೇ ಬರುವುದರಿಂದ ಮೊದಲೇ ಹೇಳಿಬಿಡುತ್ತೇವೆ.)

ತೊಂದರೆ ಇದ್ದದ್ದು ಹೀಗೆ: ಸೆಟ್ ಮಾಡಿದ್ದು −80, ಆದರೆ ಮಧ್ಯಾಹ್ನದ ಸೆಕೆಗೆ −68ರ ಕೆಳಗೆ ಇಳಿಯುತ್ತಿರಲಿಲ್ಲ. ಎರಡೂ ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದವು. ಹೊರಬಾಗಿಲಿನ ಕೆಳಮೂಲೆಯಲ್ಲಿ ಮಂಜುಗಡ್ಡೆಯ ಗೋಡೆ ಎದ್ದಿತ್ತು. ಅಲಾರಂ ಇತ್ತು, ಆದರೆ ಅದು ಯಂತ್ರದ ಪ್ಯಾನೆಲ್ಲಿನಲ್ಲಿ ಮಾತ್ರ. ರಾತ್ರಿ ಕೂಗಿದರೆ ಕೇಳುವವರಿಲ್ಲ. ಹಾಗಾಗಿ ಕೆಲಸ ಮೂರು ಭಾಗವಾಯಿತು: ಯಂತ್ರದ ದುರಸ್ತಿ, ಯಂತ್ರಕ್ಕೆ ಸಂಬಂಧವೇ ಇಲ್ಲದ ಪ್ರತ್ಯೇಕ ಕಾವಲು ಮತ್ತು ದ್ರವ ಸಾರಜನಕದ ತುರ್ತು ತಂಪು, ಕೊನೆಗೆ ಟ್ಯೂಬುಗಳ ಸ್ಕ್ಯಾನಿಂಗ್. ಮೂರರಲ್ಲೂ ಎದುರಾಳಿ ಒಂದೇ, ಗಾಳಿಯಲ್ಲಿರುವ ನೀರು ಮತ್ತು ಉಪ್ಪು. ಬೆಂಗಳೂರಿನ ಒಣಗಾಳಿಯಲ್ಲಿ ವರ್ಷಗಟ್ಟಲೆ ಕಾಣದ ದೋಷ ಇಲ್ಲಿ ಒಂದೇ ಮಳೆಗಾಲದಲ್ಲಿ ಕಾಣುತ್ತದೆ.

ಗ್ಯಾಸ್ ಹೋಗಿದೆಯೋ ಇಲ್ಲವೋ

ತಂಪು ಕಡಿಮೆಯಾದ ಕೂಡಲೇ «ಗ್ಯಾಸ್ ತುಂಬಿಸಿ» ಎನ್ನುವುದು ವಾಡಿಕೆ. −80 ಯಂತ್ರದಲ್ಲಿ ಆ ಮಾತು ಕೊನೆಗೆ ಬರಬೇಕು. ಕಾರಣ ಅದರ ರಚನೆಯಲ್ಲಿದೆ. ಇದರಲ್ಲಿ ಎರಡು ಬೇರೆ ಬೇರೆ ಸುತ್ತುಗಳಿವೆ. ಮೊದಲ ಸುತ್ತಿನ ತಂಪು ಮಾಡುವ ಗ್ಯಾಸ್ ಆರ್404ಎ ತನ್ನ ಶಾಖವನ್ನು ಕೋಣೆಯ ಗಾಳಿಗೆ ಬಿಟ್ಟು ನಡುವಿನ ಶಾಖ ವಿನಿಮಯಕವನ್ನು −35, −40ರ ಆಸುಪಾಸಿಗೆ ತರುತ್ತದೆ. ಎರಡನೇ ಸುತ್ತಿನ ಆರ್508ಬಿ ಆ ತಂಪಿನಲ್ಲಿ ದ್ರವವಾಗಿ, ಬೀರುವಿನ ಗೋಡೆಯೊಳಗಿನ ಕೊಳವೆಯಲ್ಲಿ ಆವಿಯಾಗುತ್ತ ಒಳಗನ್ನು ತಣಿಸುತ್ತದೆ. ಹೊಸ ಯಂತ್ರಗಳಲ್ಲಿ ಇದೇ ಕೆಲಸವನ್ನು ಪ್ರೊಪೇನ್ ಮತ್ತು ಈಥೇನ್ ಮಾಡುತ್ತವೆ. ಅವುಗಳ ಕುದಿಬಿಂದು −42 ಮತ್ತು −88.6 ಡಿಗ್ರಿ. ಮೊದಲ ಸುತ್ತು ಶಾಖವನ್ನು ಸರಿಯಾಗಿ ಹೊರಹಾಕದಿದ್ದರೆ ನಡುವಿನ ವಿನಿಮಯಕ ಬೆಚ್ಚಗಾಗುತ್ತದೆ, ಎರಡನೇ ಸುತ್ತಿನ ಒತ್ತಡ ಏರುತ್ತದೆ, ಒಳಗಿನ ತಂಪು −70ರ ಹತ್ತಿರ ನಿಂತುಬಿಡುತ್ತದೆ. ಗ್ಯಾಸ್ ಪೂರ್ತಿ ಇದ್ದರೂ ಹೀಗಾಗುತ್ತದೆ.

ಒತ್ತಡ ಅಳೆಯುವ ಗೇಜ್ ಹಾಕದೆಯೇ ಇದನ್ನು ಬೇರ್ಪಡಿಸಬಹುದು. ಗೇಜ್ ಹಾಕಲೂಬಾರದು. ಎರಡನೇ ಸುತ್ತಿನಲ್ಲಿರುವ ಗ್ಯಾಸ್ ತೂಕ ಮಾಡಿ ತುಂಬಿದ ಅಲ್ಪ ಪ್ರಮಾಣ. ಗೇಜಿನ ಹೋಸಿಗೆ ಹೋಗುವಷ್ಟು ಕಳೆದುಕೊಂಡರೂ ಲೆಕ್ಕ ತಪ್ಪುತ್ತದೆ. ಬದಲಿಗೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಮತ್ತು ಕೊಳವೆಗೆ ಕಟ್ಟುವ ತಾಪಮಾಪಕ (ಥರ್ಮೋಕಪಲ್) ಸಾಕು. ಎರಡನೇ ಕಂಪ್ರೆಸರಿನ ಕರೆಂಟ್ ಫಲಕದಲ್ಲಿ ಬರೆದದ್ದಕ್ಕಿಂತ ತುಂಬ ಕಡಿಮೆ, ಅದರ ಹೊರಗೊಳವೆ ಕೈಗೆ ತಣ್ಣಗೆ, ಒಳಗಿನ ಉಷ್ಣತೆ ದಿನದಿನಕ್ಕೆ ಏರುತ್ತಿದ್ದರೆ ಗ್ಯಾಸ್ ಸೋರಿದೆ ಎಂದು ಅನುಮಾನಿಸಬಹುದು. ಇಲ್ಲಿ ಆ ಕರೆಂಟ್ ಸರಿಯಾಗಿತ್ತು, ಹೊರಗೊಳವೆ ಬಿಸಿಯಿತ್ತು, ನಸುಕಿನ ತಂಪಿನಲ್ಲಿ ಒಳಗಿನ ಉಷ್ಣತೆ ತಾನಾಗಿ ಕೆಲವು ಡಿಗ್ರಿ ಇಳಿಯುತ್ತಿತ್ತು. ಕೋಣೆಯ ಸೆಕೆಯೊಂದಿಗೆ ಏರಿಳಿಯುವ ದೋಷ ಎಂದರೆ ಮೊದಲು ಶಾಖವನ್ನು ಕೋಣೆಗೆ ಬಿಡುವ ಭಾಗ, ಅಂದರೆ ಕಂಡೆನ್ಸರ್ ನೋಡಬೇಕು.

ಮುಂದಿನ ಜಾಲರಿ ತೆಗೆದಾಗ ಕಂಡೆನ್ಸರಿನ ರೆಕ್ಕೆಗಳ ನಡುವೆ ಬೂದು ಬಣ್ಣದ ಗಟ್ಟಿ ಪದರ ಕಂಡಿತು. ಒಳನಾಡಿನ ಧೂಳು ಊದಿದರೆ ಹಾರುತ್ತದೆ. ಇಲ್ಲಿ ಉಪ್ಪು ತೇವ ಹೀರಿ ಧೂಳನ್ನು ಅಂಟಿಸಿಕೊಂಡಿರುತ್ತದೆ, ಆಮೇಲೆ ಫ್ಯಾನಿನ ಗಾಳಿಗೆ ಒಣಗಿ ಗಾರೆಯಾಗುತ್ತದೆ. ಪ್ಲಗ್ ಕಿತ್ತು, ರೆಕ್ಕೆಯ ಉದ್ದಕ್ಕೇ ಮೆತ್ತನೆ ಬ್ರಷ್ ಎಳೆಯುತ್ತ ವ್ಯಾಕ್ಯೂಮ್ ಕ್ಲೀನರಿನಿಂದ ಹೀರಿದೆವು. ಅಡ್ಡ ಎಳೆದರೆ ರೆಕ್ಕೆ ಮಡಚುತ್ತದೆ. ಉಳಿದ ಉಪ್ಪಿಗೆ, ವೈರಿಂಗ್ ಮತ್ತು ಫ್ಯಾನ್ ಮೋಟರಿಗೆ ಪ್ಲಾಸ್ಟಿಕ್ ಸುತ್ತಿ, ಗಿಡಕ್ಕೆ ಸಿಂಪಡಿಸುವ ಕೈಪಂಪಿನಲ್ಲಿ ಡಿಸ್ಟಿಲ್ಡ್ ನೀರು. ಬಾವಿ ನೀರು ಬೇಡ, ಕಡಲ ಬದಿಯ ಬಾವಿಯಲ್ಲಿ ಉಪ್ಪಿರುತ್ತದೆ. ಎಸಿ ತೊಳೆಯುವ ಆಮ್ಲದ ದ್ರಾವಣವಂತೂ ಬೇಡವೇ ಬೇಡ: ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆ ಕೂಡಿದ ಜಾಗದಲ್ಲಿ ಉಪ್ಪಿನಿಂದ ಮೊದಲೇ ಸವೆತ ಶುರುವಾಗಿರುತ್ತದೆ, ಆಮ್ಲ ಅದನ್ನು ಬೇಗ ಮುಗಿಸುತ್ತದೆ. ಪೂರ್ತಿ ಒಣಗುವ ತನಕ ಕಾಯಬೇಕು. ಜಾಲರಿಯನ್ನು ಇನ್ನು ಹದಿನೈದು ದಿನಕ್ಕೊಮ್ಮೆ ತೊಳೆಯುವುದು ನಿಯಮ.

ಇಂಥ ಹಳೆ ಯಂತ್ರ ದಿನಕ್ಕೆ 15 ಯುನಿಟ್ ಎಳೆದರೆ ಸರಾಸರಿ 600 ವ್ಯಾಟಿಗೂ ಮೇಲೆ. ಅಷ್ಟೂ ಶಾಖ ಆ ಕೋಣೆಗೇ ಬೀಳುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದ್ದನ್ನು 20 ಸೆಂಮೀ ಮುಂದಕ್ಕೆ ತಂದದ್ದೂ ದುರಸ್ತಿಯ ಭಾಗವೇ.

ಮಂಜು ಎಲ್ಲಿಂದ ಬರುತ್ತದೆ

ಆಷಾಢದಲ್ಲಿ 28 ಡಿಗ್ರಿ, ಶೇ 90 ತೇವಾಂಶ ಇದ್ದರೆ ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. 500 ಲೀಟರಿನ ಬೀರುವಿನ ಗಾಳಿ ಒಮ್ಮೆ ಪೂರ್ತಿ ಬದಲಾದರೆ 12 ಗ್ರಾಂ. −80ರಲ್ಲಿ ಅದರಲ್ಲಿ ಒಂದು ಹನಿಯೂ ಆವಿಯಾಗಿ ಉಳಿಯುವುದಿಲ್ಲ, ಎಲ್ಲ ಮಂಜು. ದಿನಕ್ಕೆ ಹತ್ತು ಸಲ ತೆಗೆದು, ಪ್ರತಿ ಸಲ ಅರ್ಧ ಗಾಳಿ ಬದಲಾದರೂ 60 ಗ್ರಾಂ. ಮಳೆಗಾಲದ ನೂರು ದಿನಕ್ಕೆ 6 ಕಿಲೋ. ಬಾಗಿಲಂಚಿನ ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ಸೋರಿದರೆ ಬಾಗಿಲು ಮುಚ್ಚಿರುವಾಗಲೂ ಈ ಲೆಕ್ಕ ಓಡುತ್ತಲೇ ಇರುತ್ತದೆ.

ಗ್ಯಾಸ್ಕೆಟ್ ಪರೀಕ್ಷೆಗೆ ಸಾಮಾನ್ಯ ಪ್ರಿಂಟರ್ ಕಾಗದದ ಪಟ್ಟಿ ಸಾಕು. ಬಾಗಿಲಿನ ಅಂಚಿನಲ್ಲಿ ಪ್ರತಿ 10 ಸೆಂಮೀಗೆ ಒಂದೊಂದು ಸಿಕ್ಕಿಸಿ ಎಳೆಯಿರಿ. ಬಿಗಿತ ಎಲ್ಲ ಕಡೆ ಒಂದೇ ಇರಬೇಕು. ಇಲ್ಲಿ ಕೀಲಿನ ಬದಿಯ ಕೆಳಮೂಲೆಯಲ್ಲಿ ಪಟ್ಟಿ ಸಲೀಸಾಗಿ ಜಾರಿತು. ಮಂಜಿನ ಗೋಡೆ ಇದ್ದದ್ದೂ ಅಲ್ಲೇ. ಅಂಚಿನಲ್ಲಿ ಸ್ವಲ್ಪ ಮಂಜು ಕಟ್ಟಿದರೆ ಬಾಗಿಲು ಪೂರ್ತಿ ಕೂರುವುದಿಲ್ಲ, ಕೂರದಿದ್ದರೆ ಇನ್ನಷ್ಟು ಗಾಳಿ, ಇನ್ನಷ್ಟು ಮಂಜು. ಈ ಸುತ್ತನ್ನು ಮುರಿಯಲು ಯಂತ್ರ ಖಾಲಿ ಮಾಡಿ ಪೂರ್ತಿ ಕರಗಿಸುವುದೊಂದೇ ದಾರಿ.

ಮಾದರಿಗಳನ್ನು ಡ್ರೈ ಐಸ್ ತುಂಬಿದ ದಪ್ಪ ಥರ್ಮೋಕೋಲ್ ಪೆಟ್ಟಿಗೆಗಳಿಗೆ ಇಳಿಸಿದೆವು. 40 ಲೀಟರಿನ ಪೆಟ್ಟಿಗೆಗೆ ಹತ್ತು ಕಿಲೋ ಹಾಕಿದರೆ ಒಂದು ದಿನಕ್ಕೆ ಧಾರಾಳ, ಎರಡನೇ ದಿನಕ್ಕೆ ಮತ್ತೆ ಸುರಿಯಬೇಕು. ಮುಚ್ಚಳಕ್ಕೆ ಟೇಪ್ ಸುತ್ತಿ ಭದ್ರ ಮಾಡಬೇಡಿ. ಡ್ರೈ ಐಸ್ ಅನಿಲವಾಗಿ ಹೊರಬರಲೇಬೇಕು, ಇಲ್ಲದಿದ್ದರೆ ಪೆಟ್ಟಿಗೆ ಸಿಡಿಯುತ್ತದೆ. ಕಾರಿನಲ್ಲಿ ತರುವಾಗ ಕಿಟಕಿ ತೆರೆದಿರಬೇಕು.

ಕರಗಿಸಲು ಸುತ್ತಿಗೆ, ಚಾಕು, ಹೇರ್ ಡ್ರೈಯರ್ ಯಾವುದೂ ಬೇಡ. ಗೋಡೆಯ ಹಿಂದೆಯೇ ಕೊಳವೆ ಇದೆ. ಕೆಲವು ಯಂತ್ರಗಳಲ್ಲಿ ನಿರ್ವಾತದ ಪ್ಯಾನೆಲ್ ಇದೆ, ಅದಕ್ಕೆ ಸೂಜಿಮೊನೆಯಷ್ಟು ತೂತು ಬಿದ್ದರೂ ನಿರೋಧಕ ಗುಣ ಹೋಯಿತು. ಬಾಗಿಲು ತೆರೆದಿಟ್ಟು, ಕೆಳಗೆ ಟವೆಲ್ ಹಾಸಿ, ಟೇಬಲ್ ಫ್ಯಾನ್ ಹಚ್ಚಿ ಬಿಟ್ಟುಬಿಡುವುದು. ನೀರು ಇಳಿದ ಮೇಲೂ ಒರೆಸಿ ಒಂದು ಹಗಲು ಒಣಗಿಸಬೇಕು. ಸಂದಿನಲ್ಲಿ ಉಳಿದ ನೀರು ಮೊದಲ ರಾತ್ರಿಯೇ ಒಳಬಾಗಿಲುಗಳನ್ನು ಅಂಟಿಸುತ್ತದೆ.

ಹೊಸ ಗ್ಯಾಸ್ಕೆಟ್ ಮಡಚಿದ ಸ್ಥಿತಿಯಲ್ಲಿ ಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೆ ಮಡಿಕೆ ಬಿಡುತ್ತದೆ. ಮೊದಲು ನಾಲ್ಕು ಮೂಲೆ ಕೂರಿಸಿ, ಆಮೇಲೆ ಬದಿಗಳ ನಡುವಿನಿಂದ ಮೂಲೆಯತ್ತ ಒತ್ತುತ್ತ ಹೋಗಬೇಕು. ಒಂದು ಮೂಲೆಯಿಂದ ಶುರುಮಾಡಿ ಸುತ್ತು ಬಂದರೆ ಕೊನೆಯಲ್ಲಿ ಗುಬ್ಬು ಉಳಿಯುತ್ತದೆ. ಕೀಲಿನ ಬೋಲ್ಟ್ ಸಡಿಲಿಸಿ ಬಾಗಿಲನ್ನು ಒಂದೆರಡು ಮಿಮೀ ಎತ್ತಿದ ಮೇಲೆ ಆ ಕೆಳಮೂಲೆಯಲ್ಲೂ ಕಾಗದ ಬಿಗಿಯಾಯಿತು. ಬಾಗಿಲ ಚೌಕಟ್ಟಿನ ಸುತ್ತ ಹೀಟರ್ ತಂತಿ ಇರುತ್ತದೆ, ಅದನ್ನೂ ಪ್ಲಗ್ ಕಿತ್ತು ಮೀಟರಿನಲ್ಲಿ ನೋಡಿ. ಅದು ತುಂಡಾಗಿದ್ದರೆ ಚೌಕಟ್ಟು ಬೆವರುತ್ತದೆ, ಬೆವರು ಮಂಜಾಗುತ್ತದೆ, ಹೊಸ ಗ್ಯಾಸ್ಕೆಟ್ ಕೂಡ ಅದೇ ಗತಿ ಕಾಣುತ್ತದೆ.

ನಿರ್ವಾತ ಬಿಡುವ ಸಣ್ಣ ತೂತನ್ನು ಬಹಳ ಜನ ಗಮನಿಸುವುದೇ ಇಲ್ಲ. ಒಳಗೆ ನುಗ್ಗಿದ ಬೆಚ್ಚನೆ ಗಾಳಿ ಬಾಗಿಲು ಮುಚ್ಚಿದ ಮೇಲೆ ತಣಿದು ಕುಗ್ಗುತ್ತದೆ, ಬಾಗಿಲನ್ನು ಒಳಗೆಳೆಯುತ್ತದೆ. ಒಳಗಾಳಿ −20ರಿಂದ −80ಕ್ಕೆ ಇಳಿದರೆ ಒತ್ತಡ ಕಾಲುಭಾಗದಷ್ಟು ಕಡಿಮೆಯಾಗುತ್ತದೆ. ಆ ತೂತು ಗಾಳಿಯನ್ನು ನಿಧಾನಕ್ಕೆ ಒಳಬಿಟ್ಟು ಒತ್ತಡ ಸರಿಮಾಡುತ್ತದೆ. ಮಂಜು ಮುಚ್ಚಿಕೊಂಡರೆ ಬಾಗಿಲು ಅರ್ಧ ಗಂಟೆ ಬರುವುದಿಲ್ಲ, ಯಾರೋ ಹಿಡಿಕೆ ಜಗ್ಗಿ ಮುರಿಯುತ್ತಾರೆ. ಪ್ಲಾಸ್ಟಿಕ್ ಕಡ್ಡಿಯಿಂದ ವಾರಕ್ಕೊಮ್ಮೆ ಬಿಡಿಸಿ.

ಕೋಣೆಗೆ ಡಿಹ್ಯೂಮಿಡಿಫೈಯರ್ ಇಟ್ಟು ತೇವಾಂಶ ಶೇ 50–55ಕ್ಕೆ ಹಿಡಿದೆವು. ಇಡೀ ಕೆಲಸದಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಫಲ ಸಿಕ್ಕಿದ್ದು ಇದರಿಂದಲೇ ಎಂದು ನಮ್ಮ ಅಭಿಪ್ರಾಯ. ಎಸಿ ಗಾಳಿಯನ್ನು ತಣಿಸುತ್ತದೆ, ಆದರೆ ಬೇಕಾದ ತಂಪು ತಲುಪಿದ ಕೂಡಲೇ ಅದರ ಕಂಪ್ರೆಸರ್ ನಿಲ್ಲುವುದರಿಂದ ತೇವ ಉಳಿದೇಬಿಡುತ್ತದೆ.

ಕರೆಂಟಿನ ಬದಿಗೆ 5 ಕೆವಿಎ ಸರ್ವೋ ಸ್ಟೆಬಿಲೈಸರ್, 170ರಿಂದ 270 ವೋಲ್ಟ್, ಕರೆಂಟ್ ಬಂದ ಮೇಲೆ 5 ನಿಮಿಷ ತಡ. ಈ ತಡ ಇಲ್ಲದಿದ್ದರೆ ಒತ್ತಡ ಸಮವಾಗುವ ಮೊದಲೇ ಕಂಪ್ರೆಸರ್ ಎದ್ದೇಳಲು ಹೆಣಗಿ ಸುಡುತ್ತದೆ. ಮುಂಗಾರಿನ ಮೊದಲ ಗುಡುಗಿಗೆ ಮುನ್ನ ಬೋರ್ಡಿನಲ್ಲಿ ಸರ್ಜ್ ಅರೆಸ್ಟರ್ ಇರಲಿ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ಕೆಡುತ್ತದೆ, ಮೇ ತಿಂಗಳಲ್ಲೇ ಅಳೆಯಿರಿ.

ಕಾವಲು ಪೆಟ್ಟಿಗೆ

ಕಾವಲು ಯಂತ್ರದ ಸೆನ್ಸರನ್ನಾಗಲಿ ಕರೆಂಟನ್ನಾಗಲಿ ಹಂಚಿಕೊಳ್ಳಬಾರದು. ಯಂತ್ರದ ಬೋರ್ಡ್ ಸತ್ತ ದಿನವೇ ಕಾವಲು ಬೇಕಾಗುವುದು.

ಸೆನ್ಸರ್ ಆಯ್ಕೆಯಲ್ಲೇ ಹೆಚ್ಚಿನ ಪ್ರಯತ್ನಗಳು ಎಡವುತ್ತವೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಡಿಎಸ್18ಬಿ20 −55ರವರೆಗೆ ಮಾತ್ರ, ಡಿಎಚ್‌ಟಿ22 −40ರವರೆಗೆ. ಬೇಕಾದದ್ದು ಪಿಟಿ100 (ತಾಪಕ್ಕೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಪ್ಲಾಟಿನಂ ಸೆನ್ಸರ್), ಅದರಲ್ಲೂ ತಂತಿ ಸುತ್ತಿದ ಬಗೆಯದು. ಐಇಸಿ 60751 ಮಾನಕದಲ್ಲಿ ತೆಳುಪದರದ ಪಿಟಿ100ರ ಎ ದರ್ಜೆ −30ಕ್ಕೆ, ಬಿ ದರ್ಜೆ −50ಕ್ಕೆ ನಿಲ್ಲುತ್ತದೆ. ತಂತಿ ಸುತ್ತಿದ ಎ ದರ್ಜೆ −100ರವರೆಗೆ ಹೋಗುತ್ತದೆ. −80ರಲ್ಲಿ ಅದರ ಅನುಮತಿಸಿದ ದೋಷ 0.31 ಡಿಗ್ರಿ. ಪಿಟಿ100 ಎಂದಷ್ಟೇ ಬರೆದ ಚೀಟಿ ನೋಡಿ ಕೊಳ್ಳಬೇಡಿ.

ಓದುವ ಚಿಪ್ ಮ್ಯಾಕ್ಸ್31865, ಬೋರ್ಡಿನಲ್ಲಿ 430 ಓಮಿನ ಉಲ್ಲೇಖ ರೆಸಿಸ್ಟರ್, ಮೂರು ತಂತಿಯ ಜೋಡಣೆಗೆ ಜಂಪರ್ ಬದಲಿಸಬೇಕು. ಸಾಫ್ಟ್‌ವೇರಿನಲ್ಲಿ ಎರಡು ವಿಷಯ. 50 ಹರ್ಟ್ಜ್ ಫಿಲ್ಟರ್ ಆನ್ ಮಾಡಿ, ತಾನಾಗಿ ಇರುವುದು 60ರದು. ಸರಳರೇಖೆಯ ಅಂದಾಜು ಸೂತ್ರ ಬಳಸಬೇಡಿ, ಅದು −100ರ ಹತ್ತಿರ ಒಂದೂಮುಕ್ಕಾಲು ಡಿಗ್ರಿ ತಪ್ಪುತ್ತದೆ. ಶೂನ್ಯದ ಕೆಳಗಿನ ಪೂರ್ಣ ಸೂತ್ರದಲ್ಲಿ −80ಕ್ಕೆ 68.33 ಓಮ್, −60ಕ್ಕೆ 76.33 ಓಮ್ ಬರಬೇಕು. ಈ ಎರಡು ಬೆಲೆಯ ರೆಸಿಸ್ಟೆನ್ಸ್ ಜೋಡಿಸಿ ಪರದೆಯಲ್ಲಿ ಅದೇ ಅಂಕಿ ಬರುತ್ತದೆಯೇ ನೋಡುವುದು ಸೆನ್ಸರ್ ಹಾಕುವ ಮೊದಲಿನ ಪರೀಕ್ಷೆ. ಸೆನ್ಸರಿಗೆ ಪುಡಿಮಾಡಿದ ಐಸ್ ಮತ್ತು ಡಿಸ್ಟಿಲ್ಡ್ ನೀರಿನಲ್ಲಿ ಶೂನ್ಯದ ಪರೀಕ್ಷೆ.

ಒಳಗೆ ಎರಡು ಸೆನ್ಸರ್. ಒಂದು ಬರೀ ಗಾಳಿಯಲ್ಲಿ, ಒಂದು 20×20×40 ಮಿಮೀ ಅಲ್ಯೂಮಿನಿಯಂ ತುಂಡಿನ ತೂತಿನಲ್ಲಿ. ತುಂಡಿನ ತೂಕ ಸುಮಾರು 43 ಗ್ರಾಂ, ಅದು ಗಾಳಿಯ ಬದಲಾವಣೆಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷದ ಲೆಕ್ಕ. ಅಲಾರಂ ನಡೆಯುವುದು ತುಂಡಿನ ಅಂಕಿಯಿಂದ. ಬಾಗಿಲು ತೆಗೆದ ಮಾತ್ರಕ್ಕೆ ಕೂಗುವ ಅಲಾರಮನ್ನು ಜನ ಒಂದೇ ವಾರದಲ್ಲಿ ಬಂದ್ ಮಾಡಿಬಿಡುತ್ತಾರೆ. ಗಾಳಿಯ ಅಂಕಿ ಬಾಗಿಲು ಎಷ್ಟು ಹೊತ್ತು ತೆರೆದಿತ್ತು ಎಂಬ ದಾಖಲೆಗೆ.

ತಂತಿಯನ್ನು ಯಂತ್ರದ ಹಿಂದಿನ ಕೇಬಲ್ ರಂಧ್ರದಿಂದಲೇ ಒಯ್ಯಬೇಕು, ಗೋಡೆ ಕೊರೆಯಬಾರದು. ಪಿವಿಸಿ ಹೊದಿಕೆ −80ರಲ್ಲಿ ಗಾಜಿನಂತೆ ಬಿರಿಯುತ್ತದೆ. ಟೆಫ್ಲಾನ್ ಹೊದಿಕೆಯ, ತವರ ಬಳಿದ ತಾಮ್ರದ ತಂತಿ ಬೇಕು. ಬರೀ ತಾಮ್ರಕ್ಕೆ ಇಲ್ಲಿ ಬೇಗ ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ತುದಿ ಅರ್ಧ ಓಮ್ ಸೇರಿಸಿದರೂ ಓದು ಒಂದು ಡಿಗ್ರಿಗಿಂತ ಹೆಚ್ಚು ತಪ್ಪಬಹುದು. ರಂಧ್ರದ ಎರಡೂ ಬದಿಗೆ ಫೋಮ್ ತುಂಬಿ ಸಿಲಿಕೋನ್ ಹಚ್ಚಿ. ಹೊರಬದಿ ಮಾತ್ರ ಮುಚ್ಚಿದರೆ ರಂಧ್ರದೊಳಗೇ ಮಂಜು ಬೆಳೆಯುತ್ತದೆ.

ಕಾವಲಿನ ಮಿದುಳು ಎಂದರೆ ಸಣ್ಣ ಕಂಪ್ಯೂಟರ್ ಬೋರ್ಡ್ ಇಎಸ್‌ಪಿ32, ಸಂದೇಶಕ್ಕೆ ಎ7670ಸಿ 4ಜಿ ಮಾಡ್ಯೂಲ್. ಹಳೆಯ ಸಿಮ್800ಎಲ್ 2ಜಿ ಮಾತ್ರ ಬಲ್ಲದು. ಯಾವ ಮಾಡ್ಯೂಲ್ ಆದರೂ ಸಂದೇಶ ಕಳಿಸುವ ಕ್ಷಣ 2 ಆಂಪ್ ಎಳೆಯಬಹುದು, ಅದಕ್ಕೆ ಪ್ರತ್ಯೇಕ ರೆಗ್ಯುಲೇಟರ್ ಮತ್ತು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡಿ; ಕೊಡದಿದ್ದರೆ ಸರಿಯಾಗಿ ಅಲಾರಂ ಸಮಯಕ್ಕೇ ಬೋರ್ಡ್ ರೀಸೆಟ್ ಆಗುತ್ತದೆ. ಪೆಟ್ಟಿಗೆ ಐಪಿ65, ಕೇಬಲ್ಲುಗಳು ಕೆಳಗಿನಿಂದ ಒಳಗೆ, ಪ್ರತಿಯೊಂದಕ್ಕೂ ನೀರಿಳಿಯುವ ಬಾಗು. ಬೋರ್ಡಿನ ಎರಡೂ ಬದಿಗೆ ಅಕ್ರಿಲಿಕ್ ಲೇಪ, ಕನೆಕ್ಟರಿಗೆ ಮಾತ್ರ ಟೇಪ್ ಹಚ್ಚಿ. ಸ್ಕ್ರೂ 316 ಸ್ಟೇನ್‌ಲೆಸ್. 304 ಕೂಡ ಕಡಲ ಬದಿಯಲ್ಲಿ ಕಂದು ಕಲೆ ಬಿಡುತ್ತದೆ.

ತರ್ಕ ಹೀಗೆ: ತುಂಡಿನ ಅಂಕಿ −70 ದಾಟಿ 20 ನಿಮಿಷ ಇದ್ದರೆ ಎಚ್ಚರಿಕೆ, −60 ದಾಟಿದರೆ ತಕ್ಷಣ ಸೈರನ್ ಮತ್ತು ಎಲ್ಲರಿಗೂ ಕರೆ. ಸೆನ್ಸರ್ ತಂತಿ ತುಂಡಾದರೆ ಅದೂ ಅಲಾರಮೇ. ಕರೆಂಟ್ ಹೋದರೆ 2 ನಿಮಿಷಕ್ಕೆ ಸಂದೇಶ. ದಿನಕ್ಕೊಮ್ಮೆ ಬೆಳಿಗ್ಗೆ 9ಕ್ಕೆ «ಸರಿಯಿದೆ» ಎಂಬ ಸಂದೇಶ ಬರಬೇಕು. ಬಾರದಿದ್ದರೆ ಹೋಗಿ ನೋಡಬೇಕು. ಕಾವಲೇ ಸತ್ತಿದ್ದರೆ ಗೊತ್ತಾಗುವ ದಾರಿ ಇದೊಂದೇ. ಜೋರು ಮಳೆಯಲ್ಲಿ ಮೊಬೈಲ್ ಟವರಿಗೂ ಕರೆಂಟ್ ಇರುವುದಿಲ್ಲ, ಆದ್ದರಿಂದ 12 ವೋಲ್ಟಿನ ಸೈರನ್ನಿಗೆ ತಂತಿ ಎಳೆದು ವಾಚ್‌ಮನ್ ಕೋಣೆಯಲ್ಲಿ ಇಟ್ಟಿದ್ದೇವೆ.

ದ್ರವ ಸಾರಜನಕದ ತುರ್ತು ತಂಪು

ಕರೆಂಟ್ ಹೋದರೆ ಎಷ್ಟು ಹೊತ್ತು ಉಳಿಯುತ್ತದೆ? ಒಳಗೆ 50 ಕಿಲೋ ಮಂಜುಗಟ್ಟಿದ ಸರಕಿದ್ದು, ಗೋಡೆ ಮತ್ತು ಬಾಗಿಲಿನಿಂದ ಒಟ್ಟು 120 ವ್ಯಾಟ್ ಶಾಖ ಒಳನುಗ್ಗುತ್ತದೆ ಎಂದುಕೊಳ್ಳಿ. ಐಸಿನ ಉಷ್ಣಧಾರಣೆ ಈ ತಾಪದಲ್ಲಿ ಕಿಲೋಗೆ, ಪ್ರತಿ ಡಿಗ್ರಿಗೆ ಸುಮಾರು 1.7 ಕಿಲೋಜೂಲ್. −80ರಿಂದ −60ಕ್ಕೆ ಏರಲು 1,700 ಕಿಲೋಜೂಲ್ ಬೇಕು, ಅಂದರೆ ಸುಮಾರು 4 ಗಂಟೆ. ಸರಕು ಅರ್ಧವಾದರೆ ಹೊತ್ತೂ ಅರ್ಧ. ಖಾಲಿ ಕಪಾಟಿನಲ್ಲಿ ನೀರಿನ ಬಾಟಲಿಗಳನ್ನು ಮೊದಲು −20ರಲ್ಲಿ ಗಟ್ಟಿ ಮಾಡಿ ಇಟ್ಟರೆ ಖರ್ಚಿಲ್ಲದೆ ಹೊತ್ತು ಹೆಚ್ಚುತ್ತದೆ. ಬೆಚ್ಚನೆ ಬಾಟಲಿಯನ್ನು ನೇರವಾಗಿ ಇಟ್ಟರೆ ಪಕ್ಕದ ಮಾದರಿ ಬಿಸಿಯಾಗುತ್ತದೆ.

ಜನರೇಟರ್ ಇದ್ದರೂ ಸಾಲದು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದದ್ದು ಜಿಲ್ಲೆಗೆ ನೆನಪಿದೆ. ಅಂಥ ದಿನಗಳಲ್ಲಿ ಮೆಕ್ಯಾನಿಕ್ ಬರುವುದಿಲ್ಲ, ಬಿಡಿಭಾಗ ಬರುವುದಿಲ್ಲ. ಹಾಗಾಗಿ ಅಗತ್ಯದ ತಂಪು ಕೋಣೆಯ ಪಕ್ಕದಲ್ಲೇ ಇರಬೇಕು.

ಲೆಕ್ಕ: ದ್ರವ ಸಾರಜನಕ −196ರಲ್ಲಿ ಕುದಿದು −70ಕ್ಕೆ ಬೆಚ್ಚಗಾಗುವಾಗ ಲೀಟರಿಗೆ ಸುಮಾರು 265 ಕಿಲೋಜೂಲ್ ಹೀರುತ್ತದೆ. 120 ವ್ಯಾಟ್ ಎಂದರೆ ಗಂಟೆಗೆ 432 ಕಿಲೋಜೂಲ್, ಗಂಟೆಗೆ 1.6 ಲೀಟರ್. ಕೊಳವೆಯ ನಷ್ಟ ಸೇರಿಸಿ 2.5ರಿಂದ 3 ಲೀಟರ್ ಹಿಡಿದರೆ 50 ಲೀಟರಿನ ಪಾತ್ರೆ 16 ಗಂಟೆ ದಾಟಿಸುತ್ತದೆ. ಮೊದಲ 4 ಗಂಟೆ ಯಂತ್ರದ ಸ್ವಂತ ತಂಪು ಸೇರಿ ಸುಮಾರು 20.

ಪಶು ಆಸ್ಪತ್ರೆಯಲ್ಲಿ ವೀರ್ಯದ ಕಡ್ಡಿ ಇಡುವ ಸಾರಜನಕದ ಕ್ಯಾನ್ ಇದಕ್ಕೆ ಆಗುವುದಿಲ್ಲ. ಅದು ತೆರೆದ ಬಾಯಿಯದು, ಒತ್ತಡ ಕಟ್ಟುವುದಿಲ್ಲ, ಕೊಳವೆಗೆ ದ್ರವ ತಳ್ಳುವುದಿಲ್ಲ. ತಾನೇ ಒತ್ತಡ ಕಟ್ಟುವ, ಸುಮಾರು 1.5 ಬಾರ್ ಒತ್ತಡದ ಪಾತ್ರೆ ಬೇಕು. ವಾಲ್ವ್ ಕ್ರಯೋಜೆನಿಕ್ ದರ್ಜೆಯ, ಸಾಮಾನ್ಯವಾಗಿ ಮುಚ್ಚಿದ್ದು ಕರೆಂಟ್ ಕೊಟ್ಟಾಗ ಮಾತ್ರ ತೆರೆಯುವ 12 ವೋಲ್ಟಿನ ಸೊಲೆನಾಯ್ಡ್. ಆರ್‌ಒ ಯಂತ್ರದ ಸೊಲೆನಾಯ್ಡಿನ ರಬ್ಬರ್ ಮೊದಲ ಸಲಕ್ಕೇ ಕಲ್ಲಾಗಿ ತೆರೆದೇ ನಿಲ್ಲುತ್ತದೆ. ಪಾತ್ರೆಯ ಕೈವಾಲ್ವ್ ಮತ್ತು ಸೊಲೆನಾಯ್ಡ್ ನಡುವೆ ಸುರಕ್ಷಾ ವಾಲ್ವ್ ಕಡ್ಡಾಯ: ಎರಡೂ ಮುಚ್ಚಿದಾಗ ನಡುವೆ ಸಿಕ್ಕ ದ್ರವ ಅನಿಲವಾಗಿ ಸುಮಾರು 700 ಪಟ್ಟು ಹಿಗ್ಗಲು ನೋಡುತ್ತದೆ, ಕೊಳವೆ ಒಡೆಯುತ್ತದೆ.

ಸೊಲೆನಾಯ್ಡ್ 15 ವ್ಯಾಟ್, 1.25 ಆಂಪ್. ಅದಕ್ಕೆ ರಿಲೇ ಬೋರ್ಡ್ ಬಳಸಲಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ತೆರೆದ ರಿಲೇಯ ಸಂಪರ್ಕ ಉಪ್ಪುಗಾಳಿಯಲ್ಲಿ ಕಪ್ಪಾಗುತ್ತದೆ, ಬೇಕಾದ ದಿನ ಹಿಡಿಯುವುದಿಲ್ಲ. ಬದಲಿಗೆ 3.3 ವೋಲ್ಟಿಗೆ ಪೂರ್ತಿ ತೆರೆಯುವ ಎಲೆಕ್ಟ್ರಾನಿಕ್ ಸ್ವಿಚ್ಚಾದ ಮಾಸ್‌ಫೆಟ್, ಗೇಟಿನಿಂದ ನೆಲಕ್ಕೆ 10 ಕಿಲೋಓಮ್, ಸೊಲೆನಾಯ್ಡಿಗೆ ಅಡ್ಡಲಾಗಿ 1ಎನ್4007 ಡಯೋಡ್. ಬ್ಯಾಟರಿ 12 ವೋಲ್ಟ್ 26 ಆಂಪ್-ಗಂಟೆ. 7 ಆಂಪ್-ಗಂಟೆಯದು ಕಾವಲಿಗೆ ಸಾಕಾದರೂ ವಾಲ್ವ್ ಓಡಿದರೆ ಒಂದು ರಾತ್ರಿ ಬರುವುದಿಲ್ಲ.

ವಾಲ್ವ್ −65ಕ್ಕೆ ತೆರೆದು −70ಕ್ಕೆ ಮುಚ್ಚುತ್ತದೆ, ಒಂದು ಸಲಕ್ಕೆ 3 ನಿಮಿಷಕ್ಕಿಂತ ಹೆಚ್ಚು ತೆರೆಯುವುದಿಲ್ಲ, ಮಧ್ಯೆ 5 ನಿಮಿಷ ಬಿಡುವು. ಇಲ್ಲಿ ಗಾಳಿಯ ಸೆನ್ಸರನ್ನೇ ನಂಬಬೇಕು. ಅಲ್ಯೂಮಿನಿಯಂ ತುಂಡಿನ ನಿಧಾನಕ್ಕೆ ಕಾದರೆ ದ್ರವ ಅತಿಯಾಗಿ ಸುರಿಯುತ್ತದೆ. ಕೊಳವೆಯ ತುದಿ ಮೇಲಿನ ಕಪಾಟಿನಲ್ಲಿ, ರಂಧ್ರವಿರುವ ಡಿಫ್ಯೂಸರ್ ಹಾಕಿ, ಟ್ಯೂಬುಗಳ ಕಡೆ ಮುಖ ಮಾಡದೆ. ಒಳಗೆ ಹುಟ್ಟಿದ ಅನಿಲಕ್ಕೆ ಹೊರದಾರಿ ಇರಲೇಬೇಕು, ಇಲ್ಲದಿದ್ದರೆ ಅದು ಬಾಗಿಲನ್ನೇ ತಳ್ಳಿ ತೆರೆಯುತ್ತದೆ. ಎರಡನೇ ಕೇಬಲ್ ರಂಧ್ರವನ್ನು ಕೊಳವೆ ಹಾಕಿ ಕಟ್ಟಡದ ಹೊರಗೊಯ್ದೆವು.

ಜೀವಕ್ಕೆ ಅಪಾಯ ಇರುವುದು ಇಲ್ಲಿ. 50 ಲೀಟರ್ ದ್ರವ ಆವಿಯಾದರೆ 35 ಘನ ಮೀಟರ್ ಸಾರಜನಕ. 3×4×3 ಮೀಟರಿನ ಕೋಣೆಯ ಗಾತ್ರವೇ 36. ಬರೀ 10 ಲೀಟರ್ ಸೋರಿದರೂ ಆಮ್ಲಜನಕ ಶೇ 17ಕ್ಕೆ ಇಳಿಯುತ್ತದೆ, ಉಸಿರಿಗೆ ಏನೂ ಗೊತ್ತಾಗುವುದಿಲ್ಲ. ಆಮ್ಲಜನಕದ ಸೆನ್ಸರ್ ಉಸಿರಾಟದ ಎತ್ತರದಲ್ಲಿ, ಡಿಸ್‌ಪ್ಲೇ ಮತ್ತು ದೀಪ ಬಾಗಿಲ ಹೊರಗೆ. ಶೇ 19.5ರ ಕೆಳಗಿಳಿದರೆ ವಾಲ್ವಿನ ಕರೆಂಟ್ ಕಡಿಯಬೇಕು, ನೆಲಮಟ್ಟದ ಎಕ್ಸಾಸ್ಟ್ ಫ್ಯಾನ್ ಓಡಬೇಕು. ಇದನ್ನು ಇಎಸ್‌ಪಿ32ರ ಕೋಡಿಗೆ ಬಿಡಬಾರದು. ಸೆನ್ಸರಿನ ಸ್ವಂತ ಔಟ್‌ಪುಟ್ ಮತ್ತು ಫ್ರೀಜರ್ ಬಾಗಿಲಿನ ಸ್ವಿಚ್ ಎರಡೂ ಸೊಲೆನಾಯ್ಡಿನ ತಂತಿಯಲ್ಲೇ ಸರಣಿಯಾಗಿ ಕೂರಬೇಕು. ಬಾಗಿಲು ತೆರೆದವರ ಮುಖಕ್ಕೆ ದ್ರವ ಚಿಮ್ಮಬಾರದು.

ಪಾತ್ರೆ ಸುಮ್ಮನೆ ನಿಂತರೂ ದಿನವೂ ಸ್ವಲ್ಪ ಆವಿಯಾಗುತ್ತದೆ. ಅದನ್ನು ತೂಕದ ಯಂತ್ರದ ಮೇಲೆಯೇ ನಿಲ್ಲಿಸಿದ್ದೇವೆ. ದ್ರವದ ತೂಕ ಲೀಟರಿಗೆ 0.8 ಕಿಲೋ. ದ್ರವ 20 ಕಿಲೋಗೆ ಇಳಿದರೆ ತುಂಬಿಸಲು ಕಳಿಸುವುದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 30ಕ್ಕೇ.

ಟ್ಯೂಬಿನ ಲೆಕ್ಕ

ದೊಡ್ಡ ಸ್ವಯಂಚಾಲಿತ ಸಂಗ್ರಹಗಳಲ್ಲಿ ರೋಬೊ −20ರ ಒಣಗಾಳಿಯಲ್ಲಿ ಓಡಾಡಿ, −80ರ ಕಪಾಟಿನಿಂದ ಬೇಕಾದ ಒಂದೇ ಟ್ಯೂಬ್ ಎತ್ತುತ್ತದೆ. ಪಕ್ಕದ ಟ್ಯೂಬು ಬೆಚ್ಚಗಾಗುವುದಿಲ್ಲ, ತೇವ ಒಳಬರುವುದಿಲ್ಲ. ರೋಬೊ ಇಲ್ಲದೆಯೂ ಆ ಲಾಭದ ಬಹುಪಾಲು ಪಡೆಯಬಹುದು: ಬಾಗಿಲು ತೆರೆಯುವ ಮೊದಲೇ ಟ್ಯೂಬ್ ಎಲ್ಲಿದೆ ಎಂದು ಗೊತ್ತಿರಬೇಕು.

ತಳದಲ್ಲಿ ಡೇಟಾ ಮ್ಯಾಟ್ರಿಕ್ಸ್ ಎಂಬ ಚೌಕದ ಚುಕ್ಕೆಸಂಕೇತ ಇರುವ ಟ್ಯೂಬು, 96ರ ಚೌಕಟ್ಟು. 12×12 ಚುಕ್ಕೆಯ ಸಂಕೇತದಲ್ಲಿ ಹತ್ತು ಅಂಕಿ ಹಿಡಿಯುತ್ತದೆ. ಓದಲು 600 ಡಿಪಿಐನ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಸಾಕು, ಆದರೆ ಸಿಸಿಡಿ ಮಾದರಿಯದೇ ಆಗಬೇಕು. ತೆಳ್ಳಗಿನ ಸಿಐಎಸ್ ಸ್ಕ್ಯಾನರಿಗೆ ಗಾಜಿನಿಂದ ಕೆಲವೇ ಮಿಮೀ ಮೇಲಿರುವ ತಳವೂ ಮಸುಕು. ಸಂಕೇತ ಬಿಡಿಸಲು ಬಳಸುವ ಸಾಫ್ಟ್‌ವೇರ್ ಲಿಬ್‌ಡಿಎಂಟಿಎಕ್ಸ್, ದಾಖಲೆಗೆ ಎಸ್‌ಕ್ಯೂಲೈಟ್. ಒಂದು ಬಲೆ ಇದೆ: ಸ್ಕ್ಯಾನರ್ ನೋಡುವುದು ಕೆಳಗಿನಿಂದ, ಆದ್ದರಿಂದ ಎ1 ಎಡಮೂಲೆಯ ಬದಲು ಬಲಮೂಲೆಯಲ್ಲಿ ಬರುತ್ತದೆ. ಸ್ಥಾನಗಳನ್ನು ಅದಲುಬದಲು ಮಾಡದಿದ್ದರೆ ಇಡೀ ಚೌಕಟ್ಟು ಕನ್ನಡಿಯಲ್ಲಿ ಕಂಡಂತೆ ದಾಖಲಾಗುತ್ತದೆ, ತಪ್ಪು ಎಂದು ಎಲ್ಲೂ ಸೂಚನೆ ಬರುವುದಿಲ್ಲ. ಒಂದು ಮೂಲೆಯ ಟ್ಯೂಬ್ ತೆಗೆದು ಸ್ಕ್ಯಾನ್ ಮಾಡಿ ಖಾಲಿ ಜಾಗ ಎಲ್ಲಿ ಬಂತು ನೋಡಿ.

ಮಳೆಗಾಲದಲ್ಲಿ ಹೊರತೆಗೆದ ಕೆಲವೇ ಸೆಕೆಂಡಿಗೆ ತಳದ ಮೇಲೆ ಮಂಜು ಕೂತು ಸಂಕೇತ ಓದುವುದಿಲ್ಲ. ಒರೆಸಲು ಶೇ 70ರ ಆಲ್ಕೋಹಾಲ್ ಬೇಡ, ಅದು ಟ್ಯೂಬಿನ ಮೇಲೇ ಹೆಪ್ಪುಗಟ್ಟುತ್ತದೆ. ಶೇ 99ರ ಐಸೊಪ್ರೊಪೈಲ್ −89ರವರೆಗೆ ದ್ರವವಾಗಿರುತ್ತದೆ. ಅದರಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯ ಮೇಲೆ ಚೌಕಟ್ಟನ್ನು ಒಮ್ಮೆ ಒತ್ತಿ, ತಕ್ಷಣ ಸ್ಕ್ಯಾನ್. ಹೊರಗಿರುವಷ್ಟು ಹೊತ್ತೂ ಚೌಕಟ್ಟು −80ರಲ್ಲಿ ತಣಿಸಿದ 10 ಮಿಮೀ ದಪ್ಪದ ಅಲ್ಯೂಮಿನಿಯಂ ತಟ್ಟೆಯ ಮೇಲೆ, ಒಟ್ಟು 90 ಸೆಕೆಂಡಿನ ಮಿತಿ. ಬೇಕಾದ ಟ್ಯೂಬುಗಳ ಪಟ್ಟಿಯನ್ನು ಸಾಫ್ಟ್‌ವೇರ್ ಕಪಾಟಿನ ಕ್ರಮದಲ್ಲಿ ಜೋಡಿಸಿ ಮುದ್ರಿಸುತ್ತದೆ, ಒಂದು ಒಳಬಾಗಿಲು ಒಂದೇ ಸಲ ತೆರೆದರಾಯಿತು.

ಚಾಲೂ ಮಾಡುವ ಮುನ್ನ

ಮಾದರಿ ತುಂಬುವ ಮೊದಲು ಯಂತ್ರ ಖಾಲಿ ಓಡಿ −80 ಮುಟ್ಟಿ ಒಂದು ಹಗಲು ರಾತ್ರಿ ಸ್ಥಿರ ನಿಲ್ಲಬೇಕು. ತುಂಬುವುದು ಕಪಾಟಿಗೊಂದರಂತೆ, ಪ್ರತಿ ಕಪಾಟಿನ ನಂತರ −75 ಮತ್ತೆ ಬಂದ ಮೇಲೆ ಮುಂದಿನದು. ಕಾವಲಿನ ಪರೀಕ್ಷೆಗಳು: ಪ್ಲಗ್ ಕಿತ್ತು ಸಂದೇಶಕ್ಕೆ ಕಾಯುವುದು, ಸೆನ್ಸರ್ ತಂತಿ ಬಿಚ್ಚುವುದು, ಸಿಮ್ ತೆಗೆದು ಸೈರನ್ ಆದರೂ ಕೂಗುತ್ತದೆಯೇ ನೋಡುವುದು, ವಾಲ್ವ್ ತೆರೆದಿರುವಾಗ ಬಾಗಿಲು ತೆಗೆದು ಅದು ಮುಚ್ಚುವ ಕ್ಲಿಕ್ ಕೇಳುವುದು, ಆಮ್ಲಜನಕದ ಸೆನ್ಸರನ್ನು ಸಾರಜನಕ ತುಂಬಿದ ಚೀಲದೊಳಗೆ ಹಿಡಿದು ಫ್ಯಾನ್ ಓಡಿಸುವುದು. ಕೊನೆಯ ಎರಡನ್ನು ಇಬ್ಬರಿದ್ದಾಗಲೇ ಮಾಡಿ, ಒಬ್ಬರು ಬಾಗಿಲ ಹೊರಗೆ. ಈ ಐದನ್ನೂ ಪ್ರತಿ ವರ್ಷ ಮೇ ಕೊನೆಯ ವಾರ, ಕಂಡೆನ್ಸರ್ ತೊಳೆದ ದಿನವೇ ಮತ್ತೆ ಮಾಡಬೇಕು. ಆಮ್ಲಜನಕದ ಸೆನ್ಸರಿನ ಒಳಗಿನ ರಾಸಾಯನಿಕ ಎರಡು ವರ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ, ಬದಲಿಸುವ ತಾರೀಕನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಪೇಂಟ್ ಮಾರ್ಕರಿನಲ್ಲಿ ಬರೆದಿಡಿ. ಕಾಗದದ ಚೀಟಿ ಇಲ್ಲಿನ ತೇವಕ್ಕೆ ಉದುರುತ್ತದೆ.